ಕ್ಲಚ್ಚಿನೊಳಗಿನ ಗಾಳಿ

ಗೇರು ಬೀಳಲಿಲ್ಲ. ರಿಯಾನ್ ಕ್ಲಚ್ಚನ್ನು ನೆಲಕ್ಕೆ ಅಂಟುವಷ್ಟು ಒತ್ತಿ ಇನ್ನೊಮ್ಮೆ ತಳ್ಳಿದ. ಕರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಕೊಲ್ಲಿನಾಡಿನ ಅಲ್ ಅಮೇರಾತ್‌ನ ಆ ಗಲ್ಲಿಯಲ್ಲಿ ಕಪ್ಪು ಬಟ್ಟೆ ತೊಟ್ಟು ನಿಂತವರೆಲ್ಲ ತಿರುಗಿ ನೋಡಿದರು.

"ಪಪ್ಪ ಈ ಡಬ್ಬವನ್ನು ಹೇಗೆ ಓಡಿಸ್ತಿದ್ರೋ!"

ಪಕ್ಕದ ಸೀಟಿನಲ್ಲಿ ಅವನ ತಾಯಿ ಮಾರ್ಸೆಲಿನ್ ಹೂಹಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡ ಬೊನಿಫಾಸನ ಶವ ಆಸ್ಪತ್ರೆಯಿಂದ ನೇರ ಇಗರ್ಜಿಗೆ ಹೊರಟಿತ್ತು. ಊರಿಗೆ ಒಯ್ಯುವ ಮಾತೇ ಇರಲಿಲ್ಲ. 'ಪೆಟ್ಟಿಗೆಯೊಳಗೆ ಮಲಗಿ ನಾನು ವಿಮಾನ ಹತ್ತುವವನಲ್ಲ' ಎಂದು ಅವನು ಮೊದಲೇ ಹೇಳಿಟ್ಟಿದ್ದ. ಅವನ ಕೊನೆಯ ಪೂಜೆಗೆ ಅವನ ಗಾಡಿಯಲ್ಲೇ ಹೋಗಬೇಕೆಂದು ಹಟ ಹಿಡಿದವಳು ಮಾರ್ಸೆಲಿನ್.

ಗಲ್ಲಿಯ ತುದಿಯಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿರುವ ಶಹೀದ್ ಬಂದು ಬಾಗಿಲು ತೆಗೆದ. "ಇಳಿ ಮಾರಾಯ. ಗೇರ್‌ಬಾಕ್ಸ್ ಪುಡಿಯಾದೀತು. ಕ್ಲಚ್ಚಿನ ಎಣ್ಣೆ ಲೈನಲ್ಲಿ ಗಾಳಿ ಉಂಟು. ಗುರುವಾರ ಸಂಜೆ ನಿನ್ನ ಅಪ್ಪ ನನ್ನತ್ರದಿಂದ ಕ್ಲಚ್ಚಿನ ಹೊಸ ಸಿಲಿಂಡರ್ ತಗೊಂಡು ಹೋಗಿ ಹಾಕಿದ್ದಾರೆ. ಗಾಳಿ ತೆಗೀಲಿಕ್ಕೆ ಇಬ್ಬರು ಬೇಕು. ಪೆಡಲ್ ಒತ್ತುವುದು ಯಾವಾಗಲೂ ನಿನ್ನ ಅಮ್ಮ. ಶುಕ್ರವಾರ ಅವರಿಗೆ ರಜೆಯಲ್ವಾ, ಅದಕ್ಕೆ ಆ ದಿನಕ್ಕೆ ಇಟ್ಟಿದ್ರು."

ಶುಕ್ರವಾರ ಬೆಳಿಗ್ಗೆ ಬೊನಿಫಾಸ್ ಹಾಸಿಗೆಯಿಂದ ಏಳಲಿಲ್ಲ.

"ಕುವೈತ್‌ನಲ್ಲಿ ಲಾರಿಯೂ ಓಡಿಸಿದ್ದೇನೆ ಅಂಕಲ್. ನನಗೇ ಬೀಳುವುದಿಲ್ಲ ಅಂದ್ರೆ!"

"ಯಾರು ಕೂತ್ರೂ ಬೀಳುವುದಿಲ್ಲ. ವಿಮಾನದ ಪೈಲಟ್ ಕೂತ್ರೂ ಬೀಳುವುದಿಲ್ಲ."

ಮಾರ್ಸೆಲಿನ್ ತಲೆಯೆತ್ತಿದಳು. "ಯಾರು ಕೂತ್ರೂ?"

"ಯಾರು ಕೂತ್ರೂ ಅಕ್ಕ. ಬನ್ನಿ, ನನ್ನ ಗಾಡಿಯಲ್ಲಿ ಹೋಗುವ."

*

ವರ್ಷಗಳ ಹಿಂದೆ, ಲೈಸೆನ್ಸು ಸಿಕ್ಕ ವಾರ ಮಾರ್ಸೆಲಿನ್ ಇದೇ ಗಾಡಿಯನ್ನು ಬೌಶರ್‌ನ ಗುಡ್ಡದ ರಸ್ತೆಗೆ ಏರಿಸಿದ್ದಳು. ಸೀಟು ಬೊನಿಫಾಸನ ಉದ್ದ ಕಾಲಿಗೆ ಹೊಂದಿಸಿದ್ದು. ಅದನ್ನು ಸರಿಸಲು ಅವನು ಬಿಡಲಿಲ್ಲ, ಅವಳ ಬೆನ್ನಿಗೆ ದಿಂಬು ಕೊಟ್ಟ. ಏರಿನ ನಡುವೆ ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿ ಕ್ಲಚ್ ಒತ್ತಿದರೆ ಗೇರು ಬೀಳಲಿಲ್ಲ, ಕರ್ರ್ ಎಂದಿತು. ಹಿಂದಿನ ಲಾರಿ ಹಾರನ್ ಒತ್ತಿಹಿಡಿಯಿತು. ಅವಳು ಇಳಿದುಬಿಟ್ಟಳು. ಬೊನಿಫಾಸ್ ಸೀಟು ಬದಲಾಯಿಸಿ, ಹೇಗೋ ತಳ್ಳಿ ತಿರುಚಿ ಮನೆ ಮುಟ್ಟಿಸಿದ.

"ಗಾಡಿದು ತಪ್ಪು, ನಿಂದಲ್ಲ" ಅಂದ. ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಂಡಳು. ಆಮೇಲೆ ಅವಳು ಗಾಡಿ ಓಡಿಸಲಿಲ್ಲ, ಅವನು ಒತ್ತಾಯಿಸಲೂ ಇಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವನು ದಿನಾ ಬೆಳಿಗ್ಗೆ ಅಜೈಬಾದಲ್ಲಿ ಅವಳು ಕೆಲಸ ಮಾಡುವ ಕ್ಲಿನಿಕ್ಕಿನ ಬಾಗಿಲಲ್ಲಿ ಅವಳನ್ನು ಇಳಿಸುತ್ತಿದ್ದ. ಸಂಜೆ ಅದೇ ಬಾಗಿಲಲ್ಲಿ ಕಾಯುತ್ತಿದ್ದ. ಆದರೆ ಲೈಸೆನ್ಸಿನ ಅವಧಿ ಮುಗಿದಾಗಲೆಲ್ಲ ಅವಳನ್ನು ಕರೆದೊಯ್ದು ನವೀಕರಿಸಿಯೇ ಬರುತ್ತಿದ್ದ.

*

ಸ್ಮಶಾನದ ಗೇಟಿನ ನೆರಳಿನಲ್ಲಿ ನೀರು ಕುಡಿಯುತ್ತ, ಬೊನಿಫಾಸನ ಜೊತೆ ಕೆಲಸ ಮಾಡಿದ್ದ ಮ್ಯಾಕ್ಸ್‌ವೆಲ್ ನಕ್ಕ. "ಫ್ರೀಜರಿನಿಂದ ಹೊರಗೆ ಬಂದ ಕೂಡಲೇ ಅವನ ಕನ್ನಡಕ ಮಂಜಾಗ್ತಿತ್ತು. ಕುರುಡನ ಹಾಗೆ ನಿಂತು, ಯಾರಪ್ಪಾ ಅದು ಅಂತ ಮ್ಯಾನೇಜರನ್ನೇ ಕೇಳ್ತಿದ್ದ."

"ಗಾಡಿ ಕೇಳಿದ್ರೆ ಕೊಡ್ತಿದ್ರಾ?" ಶಹೀದ್ ಕೇಳಿದ.

"ಕೊಡ್ತಿದ್ದ. ಸೀಟು ಮುಟ್ಟಿದ್ರೆ ಒಂದು ವಾರ ಮಾತಿಲ್ಲ!"

ಮಾರ್ಸೆಲಿನ್‌ಗೂ ನಗು ಬಂತು. ಅಷ್ಟರಲ್ಲಿ ಸೊಸೆ ಶಾಲೆಟ್ ತೋಳು ಹಿಡಿದಳು. "ಮಮ್ಮಿ, ರಿಯಾನ್ ಎಲ್ಲ ಯೋಚನೆ ಮಾಡಿದ್ದಾರೆ. ನೀವು ರಾಜೀನಾಮೆ ಕೊಟ್ಟು ನಮ್ಮ ಜೊತೆ ಕುವೈತ್‌ಗೆ ಬನ್ನಿ."

"ನನಗೆ ಕೆಲಸ ಉಂಟಲ್ಲ. ವೀಸಾನೂ ನನ್ನ ಕೆಲಸದ್ದೇ."

ರಿಯಾನ್ ಹತ್ತಿರ ಬಂದ. "ಕೆಲಸ ಉಂಟು, ಹೋಗುವುದು ಹೇಗೆ? ಅಮೇರಾತ್‌ನಿಂದ ಅಜೈಬಾಕ್ಕೆ ದಿನಾ ಯಾರು ಬಿಡ್ತಾರೆ? ಟ್ಯಾಕ್ಸಿಗೇ ಸಂಬಳ ಮುಗೀತದೆ. ಗಾಡಿಯನ್ನು ಶಹೀದ್ ಅಂಕಲ್ ನಾಳೆ ಗುಜರಿಯವನಿಗೆ ತೋರಿಸ್ಲಿ."

ಅವನದು ಕೆಟ್ಟ ಮನಸ್ಸಲ್ಲ. ಆದರೆ ಮಗನ ಮನೆಯ ಸೋಫಾದ ಒಂದು ಮೂಲೆ, ಮೊಮ್ಮಗಳ ಹೋಮ್‌ವರ್ಕು, ಸಂಜೆ ಜಪಮಾಲೆ ಹಿಡಿದು ತೇರ್ಸು: ಉಳಿದ ಆಯುಷ್ಯ ಅಷ್ಟರಲ್ಲೇ ಮುಗಿದುಹೋಗುವುದು ಮಾರ್ಸೆಲಿನ್‌ಗೆ ಕಂಡಿತು. ಕ್ಲಿನಿಕ್ಕಿನ ಕೌಂಟರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿದ್ದರು.

"ಗುಜರಿಯವನಿಗೆ ಹಾಳು ಗಾಡಿ ತೋರಿಸುವುದು ಬೇಡ" ಅಂದಳು. "ಶಹೀದ್, ಮನೆಗೆ ಹೋದ ಮೇಲೆ ಗಾಳಿ ತೆಗೆಯುವ."

"ಇವತ್ತಾ?" ಶಾಲೆಟ್ ಬೆಚ್ಚಿದಳು. "ಜನ ಏನು ಹೇಳ್ತಾರೆ ಮಮ್ಮಿ?"

"ಹೇಳುವವರು ಬಂದು ಕ್ಲಚ್ ಒತ್ತಲಿ."

*

ಮನೆಯಲ್ಲಿ ಬಂದವರಿಗೆ ಗಂಜಿ, ಚಟ್ನಿ ಬಡಿಸುತ್ತಿದ್ದಾಗ ಹೊರಗೆ ಶಹೀದ್ ಜ್ಯಾಕ್ ಏರಿಸಿ, ಭದ್ರಕ್ಕೆ ಕಲ್ಲು ಕೊಟ್ಟು, ರಟ್ಟು ಹಾಸಿ ಗಾಡಿಯ ಕೆಳಗೆ ನುಸುಳಿದ್ದ. ಬೊನಿಫಾಸ್ ಇಟ್ಟಿದ್ದ ಉಪ್ಪಿನಕಾಯಿ ಬಾಟಲಿ, ಪಾರದರ್ಶಕ ಪೈಪು ಗಾಲಿಯ ಹಿಂದೆ ಹಾಗೇ ಇದ್ದವು. ಮಾರ್ಸೆಲಿನ್ ಚಪ್ಪಲಿ ಕಳಚಿ ಎಂದಿನಂತೆ ಡ್ರೈವರ್ ಸೀಟಿನ ಅಂಚಿನಲ್ಲಿ ಕೂತು ಕಾಲು ಚಾಚಿದಳು.

ಕೆಲಸ ಸರಳ. ಮೇಲೆ ಕೂತವರು ಕ್ಲಚ್ ಒತ್ತಿ ಹಿಡಿಯಬೇಕು. ಕೆಳಗಿನವರು ತಿರುಪು ಸಡಿಲಿಸಿದಾಗ ಎಣ್ಣೆಯ ಜೊತೆ ಗಾಳಿ ಬಾಟಲಿಗೆ ಬರುತ್ತದೆ. ತಿರುಪು ಬಿಗಿಯಾಗುವ ಮೊದಲು ಕಾಲೆತ್ತಿದರೆ ಹೊರಗಿನ ಗಾಳಿ ಮತ್ತೆ ಒಳಕ್ಕೆ.

"ಒತ್ತಿ ಅಕ್ಕ."

ಅವಳ ಕಾಲು ಒತ್ತಲಿಲ್ಲ. ಕೆಳಗಿನಿಂದ ಬಂದದ್ದು ಬೊನಿಫಾಸನ ದನಿಯಲ್ಲ, ಅವನ ಮಾತೂ ಅಲ್ಲ. ಶಹೀದನಿಗೆ ಅರ್ಥವಾಯಿತು. ಆಮೇಲೆ, ಅಂಗಡಿಯಲ್ಲಿ ಕೂತು ವರ್ಷಗಟ್ಟಲೆ ಕೇಳಿದ್ದ ಬೊನಿಫಾಸನ ಕೊಂಕಣಿಯನ್ನು ತನ್ನ ಬ್ಯಾರಿ ನಾಲಗೆಯಲ್ಲಿ ಕೂಗಿದ:

"ದಾಂಬ್!"

ಒತ್ತಿದಳು.

"ಧರ್!"

ಹಿಡಿದಳು. ಬಾಟಲಿಯಲ್ಲಿ ಗುಳುಗುಳು ಎಂದಿತು.

"ಸೊಡ್!"

ಬಿಟ್ಟಳು. ಗಂಜಿ ಬಟ್ಟಲು ಹಿಡಿದೇ ಮ್ಯಾಕ್ಸ್‌ವೆಲ್ ಹೊರಬಂದ. ಅವನ ಹಿಂದೆ ಉಳಿದವರೂ ಬಂದರು. "ಇಗರ್ಜಿಯಲ್ಲಿ ಇಷ್ಟು ಜೋರಾಗಿ ಯಾರೂ ಪ್ರಾರ್ಥನೆ ಮಾಡ್ಲಿಲ್ಲ" ಎಂದ ಮ್ಯಾಕ್ಸ್‌ವೆಲ್. ರಿಯಾನ್ ಬಾನೆಟ್ಟಿನ ಬಳಿ ನಿಂತು ಕ್ಲಚ್ಚಿನ ಡಬ್ಬಿಗೆ ಹೊಸ ಎಣ್ಣೆ ಸುರಿಯುತ್ತಿದ್ದ. ಮೆತ್ತಗಿದ್ದ ಪೆಡಲ್ ಬರಬರುತ್ತ ಗಟ್ಟಿಯಾಯಿತು.

"ಖಲಾಸ್ ಅಕ್ಕ. ಗುಳ್ಳೆ ನಿಂತಿತು."

"ಇಲ್ಲ, ಇನ್ನೂ ಉಂಟು."

"ಪೈಪಲ್ಲಿ ಕಾಣುವುದಿಲ್ಲ."

"ಕಾಲಿಗೆ ಕಾಣ್ತದೆ. ಇನ್ನೊಂದು ಸಲ."

ದಾಂಬ್, ಧರ್. ಕಡಲೆಯಷ್ಟು ದಪ್ಪದ ಒಂದೇ ಗುಳ್ಳೆ ಹೊರಳುತ್ತ ಬಂದು ಬಾಟಲಿಯಲ್ಲಿ ಒಡೆಯಿತು. ಅಡಿಯಿಂದ ಶಹೀದನ ನಗು ಕೇಳಿತು.

ಜ್ಯಾಕ್ ಇಳಿಯಿತು. ಮಾರ್ಸೆಲಿನ್ ಕೀ ತಿರುಗಿಸಿ, ಕ್ಲಚ್ ಒತ್ತಿ, ಗೇರಿಗೆ ಕೈ ಹಾಕಿದಳು. ಸದ್ದಿಲ್ಲದೆ ಬಿತ್ತು. ನ್ಯೂಟ್ರಲಿಗೆ ತಂದು ಮತ್ತೊಮ್ಮೆ ಹಾಕಿದಳು. ಮತ್ತೆ ಬಿತ್ತು.

"ಇಳಿ ಮಮ್ಮಿ" ರಿಯಾನ್ ಬಾಗಿಲಿಗೆ ಬಂದ. "ನಾನೊಂದು ರೌಂಡ್ ಹೋಗಿ ನೋಡ್ತೇನೆ."

ಅವಳು ಇಳಿಯಲಿಲ್ಲ. ಗೇರು ನ್ಯೂಟ್ರಲಿಗೆ ತಂದು, ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿದಳು. ಸೀಟು ಸರಿಸುವ ಹಿಡಿಕೆಗೆ ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ಎಳೆದಾಗ ಸೀಟು ಕಿರುಗುಟ್ಟಿ, ತಡೆದು, ಒಮ್ಮೆಲೇ ಮುಂದಕ್ಕೆ ಜಾರಿತು. ದಿಂಬಿಲ್ಲದೆಯೇ ಅವಳ ಬೆನ್ನು ಸೀಟಿಗೆ ತಾಗಿತು. ಆಮೇಲೆ ಅವಳು ಕನ್ನಡಿಯನ್ನು ಕೆಳಕ್ಕೆ ತಿರುಗಿಸಿದಳು, ಹಿಂದಿನ ಗಲ್ಲಿ ಅದರೊಳಗೆ ಪೂರ್ತಿ ಕಾಣುವವರೆಗೆ.