ಹಿಂದಿನ ಲೈಟು

ವಿಕಾಸ್ ಎರಡೂ ಕೈಯಲ್ಲಿ ಗೇರಿನ ಹಿಡಿಯನ್ನು ಹಿಡಿದು ಮತ್ತೊಮ್ಮೆ ಎಳೆದ. ಅದು ಮಿಸುಕಲಿಲ್ಲ. ಆ ಕಾರಿನಲ್ಲಿ ಮಿಸುಕುವಂಥದ್ದು ಏನಾದರೂ ಇದ್ದರೆ ಎದುರಿನ ಕನ್ನಡಿಗೆ ನೇತುಹಾಕಿದ್ದ ಒಣ ನಿಂಬೆಹಣ್ಣು ಮಾತ್ರ.

"ಪಾರ್ಕಿನಲ್ಲೇ ಲಾಕ್ ಆಗಿದೆ ರಾಯರೇ. ಗೇರ್ ಬಿಡದೆ ನೂಕ್ಲಿಕ್ಕೂ ಆಗುದಿಲ್ಲ."

ಕಳವಾ ಪೇಟೆಯ ಆ ಹಳೆಯ ಹೌಸಿಂಗ್ ಸೊಸೈಟಿಗೆ ಒಂದೇ ಗೇಟು, ಗೇಟಿಗೆ ಒಂದೇ ಓಣಿ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಅಗೆದುಬಿಟ್ಟ ಗಟಾರ, ನಡುವೆ ದೇವದಾಸರ ಕಾರು. ಗೇಟಿನ ಆಚೆ ಹೆಣದ ಗಾಡಿ ಬಂದು ನಿಂತು ಆಗಲೇ ಬಹಳ ಹೊತ್ತಾಗಿತ್ತು. ಎರಡನೇ ಮಾಳಿಗೆಯಲ್ಲಿ ದೇವದಾಸರು ಮಿಂದು, ಬಾಯಿಗೆ ತುಳಸಿ ನೀರು ಬಿಡಿಸಿಕೊಂಡು, ಹೊರಡಲು ತಯಾರಾಗಿ ಮಲಗಿದ್ದರು. ಬದುಕಿದ್ದಾಗ ಒಂದು ದಿನವೂ ಹೇಳಿದ ಹೊತ್ತಿಗೆ ಹೊರಡದ ಗಂಡ ಇವತ್ತು ಹೊರಟರೆ, ಇವತ್ತೂ ಅಡ್ಡ ನಿಂತದ್ದು ಆ ದರಿದ್ರ ಕಾರೇ. ಗ್ಯಾಲರಿಯಲ್ಲಿ ನಿಂತ ಅವರ ಹೆಂಡತಿ ಬಾಗಿಗೆ ಮೈಯೆಲ್ಲ ಉರಿಯಿತು.

ಕೆಳಗೆ ಪುಂಡರೀಕಾಕ್ಷ ರಾಯರು ವಾಚು ನೋಡಿಕೊಂಡರು. ದೇವದಾಸರು ಜೀವಮಾನವಿಡೀ ಮ್ಯಾನೇಜರಾಗಿ ದುಡಿದದ್ದು ಅವರ ಹೋಟೆಲಿನಲ್ಲಿ.

"ಚಟ್ಟವನ್ನು ಕಾರಿನ ಮೇಲಿಂದಲೇ ಆಚೆಯವರ ಕೈಗೆ ದಾಟಿಸಿ ಮಾರಾಯ," ಎಂದರು ರಾಯರು. "ಹೇಗೂ ಟಾಪಿಲ್ಲ."

ಯಾರೋ ಮೂಗಿನಲ್ಲಿ ನಕ್ಕರು. ನಗು ಎರಡು ಮಾಳಿಗೆ ಹತ್ತಿ ಬಾಗಿಯ ಕಿವಿಗೆ ಬಿತ್ತು.

"ಬೇಡ," ಎಂದಳು ಮೇಲಿನಿಂದ. "ನಾಲ್ಕು ಜನರ ಹೆಗಲ ಮೇಲೆ ಸರಿಯಾಗಿ ಹೋಗಲಿ. ಇಡ್ಲಿ ತಟ್ಟೆ ದಾಟಿಸಿದ ಹಾಗೆ ದಾಟಿಸುದು ಬೇಡ."

ದೇವದಾಸರನ್ನು ಹೀಯಾಳಿಸುವ ಹಕ್ಕು ಅವರೊಂದಿಗೆ ಬಾಳಿದವಳದು. ದಾರಿಹೋಕರಿಗೆ ಅದನ್ನು ಹಂಚಲು ಅವಳು ತಯಾರಿರಲಿಲ್ಲ.

* * *

ಹತ್ತಿರದ ಕಲ್ಯಾಣ್ ಊರಿನಲ್ಲಿ ನೆರೆ ಬಂದ ವರ್ಷ ರಾಯರ ಮಗ ಕಶ್ಯಪನ ಕಾರು ಕುತ್ತಿಗೆವರೆಗೆ ಮುಳುಗಿತ್ತು. ಇಬ್ಬರೇ ಕೂರುವ, ಗುಂಡಿ ಒತ್ತಿದರೆ ಮಾಡು ಮಡಚಿಕೊಳ್ಳುವ ಪರದೇಶದ ಕಾರು. ಕಶ್ಯಪ ಗುಜರಿಗೆ ಹಾಕಿ ಎಂದ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ದೇವದಾಸರು ಅದನ್ನು ಎಳೆಸಿಕೊಂಡು ಬಂದರು. ಬಣ್ಣ ಹಳಸಿದ ಕೇಸರಿಬಾತಿನದು. ವಾಸನೆಯೂ ಹೆಚ್ಚುಕಡಿಮೆ ಅದೇ.

ನೀರು ಕುಡಿದ ವಯರುಗಳನ್ನು ಬಲ್ಲವನೊಬ್ಬ ಬಿಚ್ಚಿ ನೋಡಬೇಕಿತ್ತು. "ಹೋಟೆಲಿನ ಗ್ರೈಂಡರ್ ರಿಪೇರಿ ಮಾಡಿದವ ನಾನು, ಇದೆಂತ ಮಹಾ," ಎಂದು ದೇವದಾಸರೇ ಕೈ ಹಾಕಿದರು. ಹಾರ್ನ್ ಸರಿಮಾಡಿದರೆ ವೈಪರ್ ಓಡುತ್ತಿತ್ತು. ವೈಪರ್ ನಿಲ್ಲಿಸಿದರೆ ಮಾಡು ಅರ್ಧ ತೆರೆದು ಅಲ್ಲೇ ನಿಲ್ಲುತ್ತಿತ್ತು. ಸುಟ್ಟುಹೋದ ಸ್ವಿಚ್ಚುಗಳ ಬದಲಿಗೆ ಹೋಟೆಲಿನ ಹಳೇ ಮಿಕ್ಸಿಯ ತಿರುಗುಗುಂಡಿಯನ್ನು ಸ್ಟೀರಿಂಗಿನ ಅಡಿಗೆ ಸಿಕ್ಕಿಸಿದರು. ಒಂದಕ್ಕೆ ಹಾರ್ನ್, ಎರಡಕ್ಕೆ ಹೆಡ್‌ಲೈಟು, ಮೂರಕ್ಕೆ ಹಿಂದಿನ ಬ್ರೇಕ್ ಲೈಟು. ಕಡೆಗೆ ಮನೆಯ ಇನ್ವರ್ಟರಿನ ಬ್ಯಾಟರಿಯೂ ಕೆಳಗಿಳಿಯಿತು. ಕರೆಂಟು ಹೋದರೆ ಮನೆಯಲ್ಲಿ ಫ್ಯಾನಿಲ್ಲ, ಕಾರಿನಲ್ಲಿ ಮಾತ್ರ ಜೀವ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇಲ್ಲಿ ಐಶ್ವರ್ಯ ಬಂದದ್ದು ಗಂಡನಿಗೆ, ಕೊಡೆ ಹಿಡಿದದ್ದು ಬಾಗಿ. ಮಳೆಗಾಲದ ಭಾನುವಾರಗಳಲ್ಲಿ ಮಾಡು ಮುಚ್ಚದ ಕಾರಿನೊಳಗೆ ಕೊಡೆ ಬಿಡಿಸಿ ಕೂತು ಅವಳು ಬ್ರೇಕು ಒತ್ತಬೇಕಿತ್ತು. ದೇವದಾಸರು ಹಿಂದೆ ಕುಕ್ಕುರುಗಾಲಲ್ಲಿ ಕೂತು ಲೈಟು ನೋಡುತ್ತಿದ್ದರು. ಅದು ಹತ್ತದೆ ಗೇರು ಬಿಡುವುದಿಲ್ಲವಂತೆ, ಆ ಜಾತಿಯ ಕಾರಿನ ಗತ್ತೇ ಹಾಗಂತೆ.

"ಒತ್ತು."

ಒತ್ತುತ್ತಿದ್ದಳು.

"ಹಾಂ, ಬಿಡು."

ಬಿಡುತ್ತಿದ್ದಳು. ಒತ್ತು, ಬಿಡು, ಒತ್ತು, ಬಿಡು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರ ನಡುವೆ ಅಷ್ಟು ಉದ್ದದ ಮಾತುಕತೆ ಬೇರೆ ಯಾವುದೂ ನಡೆದಿರಲಿಲ್ಲ.

"ನನ್ನ ಕಾಲು ಯಾಕೆ? ಒಂದು ಇಟ್ಟಿಗೆ ಇಡಿ ಪೆಡಲಿನ ಮೇಲೆ."

"ಇಟ್ಟಿಗೆಗೆ ಬಿಡು ಅಂದ್ರೆ ಕೇಳ್ತದಾ ಮಾರಾಯ್ತಿ?"

ನಿನ್ನೆ ಭಾನುವಾರ ಬಿಸಿಲು ಕಂಡದ್ದೇ ಕಾರನ್ನು ಓಣಿಗೆ ತಂದು ನಿಲ್ಲಿಸಿ, ಕೆಳಗಿನಿಂದ ಕೂಗಿದ್ದರು: "ಬಾಗೀ, ಒಮ್ಮೆ ಬಾ." ಟಿವಿಯಲ್ಲಿ ಅವಳ ಧಾರಾವಾಹಿ ನಡೆದಿತ್ತು. "ಇಟ್ಟಿಗೆ ಇಡಿ," ಎಂದಳು, ತಿರುಗಿಯೂ ನೋಡದೆ. ಆಮೇಲೆ ವಾಚ್‌ಮನ್ ಬಂದು ಬಾಗಿಲು ಬಡಿದ. ದೇವದಾಸರು ಕಾರಿನ ಹಿಂದೆ, ಕೂತಲ್ಲೇ ಒರಗಿದ್ದರು.

* * *

ಬಾಗಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆಗೆ ನಡೆದಳು. ಮಗಳು ಪ್ರೇಕ್ಷಾ ಕೈ ಹಿಡಿದು ತಡೆದಳು.

"ಮಮ್ಮಿ, ಮತ್ ಜಾ ನಾ. ಲೋಗ್ ಕ್ಯಾ ಬೋಲೇಂಗೇ?"

"ಜನ ಹೇಳಲಿ. ಹೇಳ್ಲಿಕ್ಕೇ ಅಲ್ವಾ ಬಂದದ್ದು."

ಗಂಡನ ಹೆಣ ಮೇಲಿರುವಾಗ ಹೆಂಡತಿ ಕೆಳಗಿಳಿದು ಶೋಕಿ ಕಾರಿನಲ್ಲಿ ಕೂರುವುದನ್ನು ಹೆಂಗಸರು ಕಣ್ಣು ತುಂಬ ನೋಡಿದರು. ಒಬ್ಬಳಿಗೆ ಅಳು ಅರ್ಧಕ್ಕೇ ನಿಂತುಹೋಯಿತು.

ಪಕ್ಕದ ಸೀಟಿನ ಮೇಲೆ ಒಂದು ಇಟ್ಟಿಗೆ ಇತ್ತು. ಗೀರು ಬೀಳಬಾರದೆಂದು ಅದಕ್ಕೆ ಅಚ್ಚುಕಟ್ಟಾಗಿ ಹೋಟೆಲಿನ ಟೇಬಲ್ಲು ಒರೆಸುವ ಬಟ್ಟೆ ಸುತ್ತಲಾಗಿತ್ತು.

"ಇದು?"

"ಬ್ರೇಕಿನ ಮೇಲಿತ್ತು ಅಕ್ಕ. ನಾನೇ ತೆಗ್ದು ಇಟ್ಟದ್ದು," ಎಂದ ತಮ್ಮ ವಿಕಾಸ್. "ಭಾವ ಎಂತಕ್ಕೆ ಇಟ್ಟಿದ್ರೋ."

ಬಾಗಿ ಇಟ್ಟಿಗೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಜೀವಮಾನದಲ್ಲಿ ದೇವದಾಸರು ಅವಳ ಒಂದೇ ಒಂದು ಮಾತು ಕೇಳಿದ್ದರು, ಅದೂ ಇದು. ಕೀ ತಿರುಗಿಸಿದಳು, ಮಿಕ್ಸಿಯ ಗುಂಡಿಯನ್ನು ಮೂರಕ್ಕೆ ತಂದಳು, ಬ್ರೇಕು ಒತ್ತಿದಳು.

"ಲೈಟು ಹತ್ತಿತು," ಎಂದಿತು ಹಿಂದಿನಿಂದ ಒಂದು ಗಂಡು ದನಿ. ಅವಳು ತಟ್ಟನೆ ಕನ್ನಡಿಗೆ ಕಣ್ಣು ಹಾಯಿಸಿದಳು. ಆದರೆ ಅದು ರಾಯರ ದನಿ.

ಗೇರು ಟಕ್ಕೆಂದು ಬಿಟ್ಟುಕೊಂಡಿತು. ಕಾಲು ತೆಗೆದು, "ನೂಕಿ," ಎಂದಳು. ಕೈಗಳು ಸಾಲದೆ ರಾಯರೂ ಬಿಳಿ ಪಂಚೆ ಎತ್ತಿ ಕಟ್ಟಿದರು. ಮಗ ಗುಜರಿಗೆ ಹಾಕಿ ಎಂದದ್ದನ್ನು ಅಪ್ಪ ಏದುಸಿರು ಬಿಡುತ್ತ ನೂಕಿದರು. ಬಾಗಿ ಅದನ್ನು ಕನ್ನಡಿಯಲ್ಲಿ ಸಾವಕಾಶವಾಗಿ ನೋಡಿದಳು.

ಎಳೆಸಿಕೊಂಡು ಬಂದಮೇಲೆ ಕಾರು ಮೊದಲ ಸಲ ಗೇಟು ದಾಟಿತು. ಆಚೆಗಿನ ಗೋಡೆಯ ಪಕ್ಕಕ್ಕೆ ತಿರುಗಿಸಿ ಬಾಗಿ ಬ್ರೇಕು ಒತ್ತಿ ನಿಲ್ಲಿಸಿದಳು.

"ಆಯ್ತು ಅಕ್ಕ, ಇಳಿ," ಎಂದು ವಿಕಾಸ್ ಹೆಗಲು ಕೊಡಲು ಓಡಿದ.

ಅವಳು ಇಳಿಯಲಿಲ್ಲ. ಮೋಡ ಕವಿದ ಆ ಹೊತ್ತಿನಲ್ಲಿ ದೇವದಾಸರು ನಾಲ್ಕು ಹೆಗಲುಗಳ ಮೇಲೆ, ಯಾರನ್ನೂ ಯಾವುದನ್ನೂ ದಾಟದೆ, ನೆಟ್ಟಗೆ ಓಣಿಯಿಂದ ಬಂದರು. ಹೊತ್ತವರ ಬಿಳಿ ಪಂಚೆಗಳ ಮೇಲೆ ಕಾರಿನ ಕೆಂಪು ಬೆಳಕು ಬಿತ್ತು. ಗಾಡಿಯ ಬಾಗಿಲು ಮುಚ್ಚಿತು. ಗಂಡಸರು ಅದರ ಹಿಂದೆ ಹೋದರು. ಹೆಂಗಸರು ಮನೆ ತೊಳೆಯಲು ಮೇಲೆ ಹತ್ತಿದರು.

ಪ್ರೇಕ್ಷಾ ಕಾರಿನ ಬಳಿ ಬಂದು, ಇನ್ನೂ ಬ್ರೇಕು ಒತ್ತಿಕೊಂಡೇ ಇದ್ದ ತಾಯಿಯ ಕಾಲಿನತ್ತ ಕೈ ತೋರಿಸಿದಳು. "ಮಮ್ಮಿ, ಚಲ್. ಪಾಂವ್ ಹಟಾ."

"ಹಿಂದೆ ಹೋಗಿ ನೋಡು," ಎಂದಳು ಬಾಗಿ. "ಹತ್ತಿದೆಯಾ ಹೇಳು."

ಹುಡುಗಿ ಹಿಂದೆ ಹೋಗಿ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಬಗ್ಗಿ ನೋಡಿದಳು.

"ಹಾಂ, ಜಲ್ ರಹಾ ಹೈ."

ತೊಡೆಯ ಮೇಲಿನ ಇಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಬಾಗಿ ಕಾಲು ತೆಗೆಯದೆ 'ಬಿಡು' ಎಂಬ ಇನ್ನೊಂದು ಮಾತಿಗೆ ಕಾದಳು.