ಹಾಳೆಗೆ ಹೊಲಿದ ಗಿಡ

ಹೊಲಿಗೆ ಅಂಗಡಿ ಮುಚ್ಚಿದಾಗ ಅವಳಿಗೆ ನಲವತ್ತಾರು ವರ್ಷ. ಇಪ್ಪತ್ತೆರಡು ವರ್ಷ ಅಲ್ಲಿ ಕಾಜ ಹಾಕಿದ, ಅಂಚು ಮಡಿಸಿದ ಕೈಗಳಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಒಂದು ಸಂಜೆ ಮಗಳು ಪಕ್ಕದಲ್ಲಿ ಕೂತು ಫೋನಿನಲ್ಲಿ ವಿಶ್ವವಿದ್ಯಾಲಯದ ಕೆಲಸಗಳ ಪಟ್ಟಿ ತೆರೆದಳು. ಸಂಶೋಧನಾ ಸಹಾಯಕರು, ಪ್ರಯೋಗಾಲಯದವರು, ಗ್ರಂಥಾಲಯದವರು. ಪ್ರತಿ ಸಾಲಿಗೂ ಒಂದೊಂದು ಪದವಿ ಬೇಕಿತ್ತು. ಓದಿದವರ ಜಾಗದಲ್ಲಿ ನನಗೇನು ಕೆಲಸ ಎಂದು ಅಮ್ಮ ಎದ್ದಳು. ಮಗಳು ಕೈಹಿಡಿದು ಕೂರಿಸಿದಳು. ಪಟ್ಟಿಯ ಬುಡದಲ್ಲಿ ಇನ್ನೊಂದಿತ್ತು: ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಸಿದ ಗಿಡಗಳನ್ನು ಹಾಳೆಗೆ ಕೂರಿಸುವವರು ಬೇಕು. ಹತ್ತನೇ ತರಗತಿ ಸಾಕು, ಕೈ ನಾಜೂಕಾಗಿರಬೇಕು.

“ಅಮ್ಮ, ಇದು ನಿನಗೇ ಅಂತ ಬರೆದಂಗಿದೆ,” ಅಂದಳು ಮಗಳು.

ಸಂದರ್ಶನಕ್ಕೆ ಐದು ಜನ ಬಂದಿದ್ದರು. ಉಳಿದ ನಾಲ್ವರೂ ಪದವೀಧರರು, ಮಗಳ ವಯಸ್ಸಿನವರು. ವಿಭಾಗದ ಒಣಗಿಡಗಳ ಸಂಗ್ರಹ ನೋಡಿಕೊಳ್ಳುವ ಪ್ರೊಫೆಸರಮ್ಮ ಪ್ರಶ್ನೆ ಕೇಳಲೇ ಇಲ್ಲ. ಒಬ್ಬೊಬ್ಬರ ಮುಂದೆ ಒಂದು ಬಿಳಿ ದಪ್ಪ ಹಾಳೆ, ಮುಟ್ಟಿದರೆ ಪುಡಿಯಾಗುವಂಥ ಒಂದು ಒಣಗಿಡ, ಅಂಟು, ಸೂಜಿ, ದಾರ ಇಟ್ಟು, ಇದು ನೂರು ವರ್ಷ ಅಲುಗಾಡಬಾರದು ಎಂದರು. ಎಲ್ಲರೂ ಅಂಟಿಗೆ ಕೈಹಾಕಿದರು. ಇವಳು ಮಾತ್ರ ಗಿಡವನ್ನು ಬಹಳ ಹೊತ್ತು ನೋಡಿದಳು. ಹಳೇ ರೇಷ್ಮೆಯ ಹಾಗೆ ಎಲ್ಲಿ ಎಳೆದರೆ ಹರಿಯುತ್ತದೆ ಎಂದು ಕಣ್ಣಲ್ಲೇ ಅಳೆದಳು. ಆಮೇಲೆ ಕಾಂಡದ ಮೇಲೆ ನಾಲ್ಕೇ ನಾಲ್ಕು ಹೊಲಿಗೆ ಹಾಕಿದಳು.

ಪ್ರೊಫೆಸರಮ್ಮ ಹಾಳೆಯನ್ನು ನಿಧಾನವಾಗಿ ಮಗುಚಿ, ಹಿಂಬದಿಯ ಗಂಟುಗಳನ್ನು ನೋಡಿ, ಸೋಮವಾರದಿಂದ ಬರುತ್ತೀರಾ ಎಂದು ಕೇಳಿದರು.

ಸೋಮವಾರ ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಿಟಕಿಯಿಲ್ಲದ, ತಣ್ಣಗಿನ ಉದ್ದ ಕೋಣೆ. ಎರಡೂ ಕಡೆ ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು. ಒಟ್ಟು ಮೂರು ಲಕ್ಷ ಹಾಳೆಗಳಂತೆ. ಒಂದು ಬಾಗಿಲು ತೆರೆದಾಗ ಒಣಹುಲ್ಲಿನ ಸಣ್ಣ ವಾಸನೆ ಬಂತು. ಮೂರು ಲಕ್ಷ ಸಲ ಯಾರೋ ಬಗ್ಗಿ ಒಂದು ಗಿಡ ಕಿತ್ತು, ಕಾಗದದ ನಡುವೆ ಒತ್ತಿಟ್ಟು, ಎಲ್ಲಿ ಯಾವಾಗ ಸಿಕ್ಕಿತೆಂದು ಬರೆದಿದ್ದಾರೆ ಎಂದು ಅವಳಿಗೆ ಹೊಳೆಯಿತು. ಅವಳು ಅಲ್ಲೇ ನಿಂತುಬಿಟ್ಟಳು.

ಪ್ರೊಫೆಸರಮ್ಮ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಗೇಣುದ್ದದ ಗಿಡ, ತುದಿಯಲ್ಲಿ ಇನ್ನೂ ನೀಲಿ ಉಳಿದಿದ್ದ ಒಂದು ಹೂವು. ನೂರಾ ಅರವತ್ತು ವರ್ಷದ ಹಿಂದಿನದು. ದಾರ ಜೀರ್ಣವಾಗಿ ಬಿಟ್ಟುಕೊಂಡಿತ್ತು, ಮತ್ತೆ ಹೊಲಿಯಬೇಕಿತ್ತು.

“ಇದು ಈಗ ಎಲ್ಲಿ ಸಿಗುತ್ತೆ, ಮೇಡಂ?”

“ಎಲ್ಲೂ ಇಲ್ಲಮ್ಮ. ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ನಮಗೆ ಗೊತ್ತಿರೋ ಹಾಗೆ ಉಳಿದಿರೋದು ಇದೊಂದೇ.”

ಅದನ್ನು ಮುಟ್ಟಲು ಅವಳಿಗೆ ಎಂಟು ದಿನ ಧೈರ್ಯ ಬರಲಿಲ್ಲ. ಬೇರೆ ಹಾಳೆಗಳ ಮೇಲೆ ಕೈ ಪಳಗಿಸಿಕೊಂಡಳು. ಒಂಬತ್ತನೇ ದಿನ ಉಸಿರು ಬಿಗಿಹಿಡಿದು ಸೂಜಿ ಇಳಿಸಿದಳು. ಹಳೆಯ ದಾರದ ತೂತುಗಳಲ್ಲೇ ಹೊಸ ದಾರ ಹಾಯಿಸಿದಳು. ಹೊಸ ತೂತು ಒಂದೂ ಬೇಕಾಗಲಿಲ್ಲ. ಹಿಂದೆ ಹೊಲಿದವರು ಯಾರೋ, ಸಾಲು ಎಷ್ಟು ನೇರ ಇಟ್ಟಿದ್ದರು! ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಒಂದು ದಳವೂ ಉದುರಿರಲಿಲ್ಲ.

ಮನೆಯಲ್ಲಿ ಮಗಳು, ಇವತ್ತೇನು ಮಾಡಿದೆ ಎಂದು ಕೇಳಿದಳು. ಅಮ್ಮ ಮಗಳ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಬೆರಳಿನಿಂದ ಆ ನೀಲಿ ಹೂವಿನ ಅಳತೆ ತೋರಿಸಿದಳು.

“ಇಷ್ಟೇ ಇಷ್ಟು,” ಅಂದಳು.