ಡೋರಿಸಳ ಸ್ವೆಟರಿನ ಅಂಚು

ಅಕ್ಕಿ ಬೆಚ್ಚಗಿದೆ, ಬಿಸಿಲಿಗಿಟ್ಟ ಪರಾತದ್ದು, ಬೊಗಸೆ ತುಂಬಿಕೊಂಡು ನಿಂತಿದ್ದೇನೆ, ಬೆರಳ ಸಂದಿಯಿಂದ ಒಂದೆರಡು ಕಾಳು ಜಾರುತ್ತಿವೆ, ಎದುರಿಗೆ ಡೋರಿಸ್ ನೀಲಿ ಸ್ವೆಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಉಡಿಯೊಡ್ಡಿದ್ದಾಳೆ, ಹೀಗೇನಾ ಹಿಡಿಯೋದು ಶಕುಂತಲಾ, ಸರಿಯಾಯಿತಾ — ಸರಿಯಾಗಿದೆ ಡೋರಿಸ್, ನಿನ್ನದೆಲ್ಲ ಸರಿಯಾಗಿಯೇ ಇದೆ. ಭೂಮಿಪೂಜೆಗೆ ಮೊದಲು ನಮಗ ಹೊಲ ಮಾರಿದಾಕಿಗೆ ಉಡಿ ತುಂಬಬೇಕು ಎಂದವರು ನನ್ನ ಗಂಡ ಸಂಗಮೇಶ್, ನಮ್ಮ ಗದಗಿನ ಕಡೆ ಹಂಗ ಬರಿಗೈಲೆ ಕಳಸೂದಿಲ್ಲ ಅಂತ; ಅವಳನ್ನು ಬರಿಗೈ ಮಾಡಿದವರಿಗೆ ಕಳಿಸುವಾಗ ಮಾತ್ರ ನೇಮ ನೆನಪಾಗುತ್ತದೆ, ನಾಚಿಕೆ, ಥೂ, ನಾನೂ ತಲೆಯಾಡಿಸಿ ಖಣ ತೆಗೆದಿಟ್ಟೆನಲ್ಲ. ಈ ಪರದೇಶದ ಊರಿನ ಯೋಜನಾ ಸಮಿತಿಗೆ ನಾನು ಆಯ್ಕೆಯಾದಾಗ ಕನ್ನಡ ಸಂಘದವರು ಶಾಲು ಹೊದಿಸಿದ್ದರು, ನಮ್ಮ ಡಾಕ್ಟರ್ ಆಂಟಿ ಸಮಿತಿಯೊಳಗೆ ಕೂತಿದ್ದಾರೆ ಎಂದು ಚಪ್ಪಾಳೆ — ಕೂತೆ, ಬಾಗಿಲು ಹಾಕಿದ ಸಭೆಯಲ್ಲಿ ಪರದೆಯ ಮೇಲೆ ದೊಡ್ಡ ರಸ್ತೆ ಡೋರಿಸಳ ಹೊಲದ ಮಗ್ಗುಲಿಗೇ ತಿರುಗುವುದನ್ನು ನೋಡಿದೆ, ಹೊರಗೆ ಬಾಯಿ ಬಿಡುವುದಿಲ್ಲ ಎಂದು ಕೈಯೆತ್ತಿ ಪ್ರಮಾಣ ಮಾಡಿದವಳು ಮನೆಗೆ ಬಂದು ಚಪಾತಿ ಲಟ್ಟಿಸುತ್ತ ಇವರಿಗೆ ಅಂದೆ, ಯಾರಿಗೂ ಹೇಳಬ್ಯಾಡ್ರಿ, ರಸ್ತೆ ಆಕಿ ಹೊಲದ ಕಡೇನ ಬರತದ. ಆ ಹೊಲ ಕೊಳ್ಳಲು ಹೂಸ್ಟನ್ನಿನ ಗೆಳೆಯರು ಪಾಲು ಹಾಕಿದರು, ಕಂಪನಿ ಕಟ್ಟಿ ಅದಕ್ಕೆ ಮನೆದೇವರು ವೀರಭದ್ರನ ಹೆಸರಿಟ್ಟೆವು, ಭಕ್ತಿ ಏನಲ್ಲ, ಸಮಿತಿಯ ಕಣ್ಣಿಗೆ ನಮ್ಮ ಹೆಸರು ಬೀಳಬಾರದಿತ್ತು, ದೇವರ ಬೆನ್ನ ಹಿಂದೆ ಅಡಗಿದೆವು.

ಮಗಳು ಹರ್ಷಿಣಿ ಸೀಡರ್ ಪಾರ್ಕ್ ಊರಿನಿಂದ ಬಂದು ಫೋಟೋ ತೆಗೆಯುತ್ತಿದ್ದಾಳೆ, ಅಮ್ಮಾ, ಸ್ಮೈಲ್ — ಹೈಸ್ಕೂಲಿನಲ್ಲಿ ಇವಳು ಪ್ರಬಂಧ ಬರೆದಿದ್ದಳು, ಈ ದೇಶ ಹೊಸದಾಗಿ ಹುಟ್ಟಿದ ಕಾಲದಲ್ಲಿ ಶಾಸಕರೇ ಜಮೀನು ಕಂಪನಿಗಳಲ್ಲಿ ಪಾಲು ಇಸಿದುಕೊಂಡು ನಾಡನ್ನೇ ಅಗ್ಗಕ್ಕೆ ಮಾರಿಬಿಟ್ಟರಂತೆ, ಓದಿ ಹೇಳಿದಾಗ, ಕಳ್ಳರು, ಅಂದಿದ್ದೆ, ಎಷ್ಟು ಸಲೀಸಾಗಿ ಅಂದಿದ್ದೆ. ಸಹಿಗೆ ಮುಂಚೆ ಡೋರಿಸ್ ನಮ್ಮ ಅಡುಗೆಮನೆಯಲ್ಲೇ ಕೂತು ಕೇಳಿದಳಲ್ಲ, ನೀನು ಸಮಿತಿಯಲ್ಲಿದ್ದೀಯ, ಈ ಕಡೆ ರಸ್ತೆ ಗಿಸ್ತೆ ಬರುತ್ತದೆಯೇ, ಬರುವುದಾದರೆ ಮಾರದೆ ತಡೆಯುತ್ತೇನೆ, ಬೆಲೆ ಏರಿದಾಗ ಅರ್ಧ ಮಾರಿದರೆ ಸಾಕು, ಉಳಿದದ್ದು ಮೊಮ್ಮಗನಿಗಾಯಿತು — ಚಹಾ ಸೋಸುತ್ತಿದ್ದೆ, ತಿರುಗಿ ನೋಡಲಿಲ್ಲ, ಹಾಗೇನೂ ಕೇಳಿಲ್ಲ ಡೋರಿಸ್, ಸಕ್ಕರೆ ಎಷ್ಟು ಹಾಕಲಿ. ಸೋಮವಾರ ರಸ್ತೆಯ ಸುದ್ದಿ ಎಲ್ಲರಿಗೂ ಗೊತ್ತಾಗುತ್ತದೆ. ಇವತ್ತು ಹೇಳಬೇಕು, ಈಗಲೇ, ಈ ಅಕ್ಕಿ ಕೆಳಗಿಟ್ಟು, ಗುದ್ದಲಿ ಬೀಳುವ ಮೊದಲು, ಡೋರಿಸ್, ಅವತ್ತು ನಾನು — ತುಂಬು, ಯಾಕ ನಿಂತಿ, ಮುಹೂರ್ತ ಮೀರತದ, ಇವರ ದನಿ. ಬಾಯಿ ತೆರೆದಿದ್ದೇನೆ, ಡೋರಿಸ್, ಅಂದೇಬಿಟ್ಟೆ, ಅವಳು ನನಗಿಂತ ಮೊದಲೇ, ಗೊತ್ತು ಶಕುಂತಲಾ, ನನಗೂ ಅಳು ಬರುತ್ತಿದೆ, ಬೇರೆಯವರಾಗಿದ್ದರೆ ರಸ್ತೆ ಬರುತ್ತದೆ, ಬೆಲೆ ಏರುತ್ತದೆಂದು ಈ ಮುದುಕಿಗೆ ಆಸೆ ಹುಟ್ಟಿಸಿ ಆಡಿಸುತ್ತಿದ್ದರು, ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೊಗಸೆ ತಾನಾಗಿ ಬಿಚ್ಚಿಕೊಂಡಿತು, ಅಕ್ಕಿ ಸುರಿಯುತ್ತಿದೆ, ಅವಳು ಸ್ವೆಟರಿನ ಅಂಚು, ಆ ನೀಲಿ ಅಂಚು, ಒಂದು ಕಾಳೂ ನೆಲಕ್ಕೆ ಬೀಳಬಾರದೆಂದು ಇನ್ನೂ ಮೇಲೆತ್ತಿ ಹಿಡಿದಿದ್ದಾಳೆ, ಎರಡೂ ಕೈಯಲ್ಲಿ, ಹಿಡಿದೇ ಇದ್ದಾಳೆ